ಡ್ರ್ಯಾಗನ್‌ಗೆ ನೋಟಿಸ್ ಕೊಡೋಕೆ ಬರಲ್ಲ

ಭೂತನಗುಡ್ಡೆಯ ಪೇಟೆ ಬೀದಿಯಲ್ಲಿ ಒಂದು ಮಾಂಸದಂಗಡಿ ಇದೆ. ಅಜ್ಜ ಕಡಿಯುತ್ತಾನೆ, ಮಗ ತೂಗುತ್ತಾನೆ, ಸೊಸೆ ದುಡ್ಡು ಎಣಿಸುತ್ತಾಳೆ, ಮೊಮ್ಮಗಳು ಕಾಗೆ ಓಡಿಸುತ್ತಾಳೆ. ಹುಣಸೆ ಮರದ ಕೊರಡು ಮೂರು ತಲೆಮಾರಿನ ಏಟು ತಿಂದು ನಡುವೆ ತಗ್ಗು ಬಿದ್ದಿದೆ. ವಾರಕ್ಕೊಂದು ಸಲ ಹಿಮದ ಮಾಂತ್ರಿಕ ಬಂದು ಒಳಕೋಣೆಗೆ ಮಂತ್ರ ಹಾಕಿ ಹೋಗುತ್ತಾನೆ. ಅದೇ ಅವರ ಫ್ರಿಜ್ಜು. ಮಂತ್ರಕ್ಕೆ ಕೂಲಿ, ಅರ್ಧ ಕೆ.ಜಿ. ಬೋಟಿ.

ಈ ಊರನ್ನು ಮ್ಯಾಪಿನಲ್ಲಿ ಹುಡುಕಬೇಡಿ. ಇದು ಇರೋದು ಶಿವಮೊಗ್ಗದ ವಿನೋಬನಗರದ ಒಂದು ಜಗಲಿಯ ಮೇಲೆ, ಡ್ರಾಯಿಂಗ್ ಶೀಟಿನಲ್ಲಿ. ಆಷಾಢದ ಮಳೆ, ಕರೆಂಟ್ ಇಲ್ಲ, ಮೊಬೈಲ್ ಚಾರ್ಜೂ ಮುಗಿದಿದೆ. ನಾಲ್ಕು ಜನ ಎಂಜಿನಿಯರಿಂಗ್ ಹುಡುಗರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಲು ಕೂತರು. 1974ರಲ್ಲಿ ಅಮೆರಿಕದಲ್ಲಿ ಶುರುವಾದ ಆಟ ಇದು. ಒಬ್ಬ ಕತೆ ನಡೆಸುತ್ತಾನೆ, ಉಳಿದವರು ಬಿಲ್ಲುಗಾರ, ಮಾಂತ್ರಿಕ, ಕಳ್ಳ ಅಂತ ಒಂದೊಂದು ಪಾತ್ರ ಹಿಡಿಯುತ್ತಾರೆ. ಗೆದ್ದರೋ ಸೋತರೋ ಅಂತ ಹೇಳೋದು 20 ಮುಖದ ದಾಳ. ಕತೆ ನಡೆಸುವ ಹುಡುಗನಿಗೆ ಊರು ಅಂದಮೇಲೆ ಒಂದು ಮಾಂಸದಂಗಡಿ ಇರಲಿ ಅನ್ನಿಸಿತು. ಬರೆದ. ಅಲ್ಲಿಂದ ಶುರುವಾಯಿತು ನೋಡಿ.

ಮೊದಲು ಅನುಮಾನ ಪಟ್ಟವರು ಆಡುವ ಹುಡುಗರೇ. ಇಂಥ ಆಟಗಳಲ್ಲಿ ಮಾಂಸದಂಗಡಿಯವನು ಒಳ್ಳೆಯವನಾಗಿರೋದು ಕಡಿಮೆ. ನೆಲಮಾಳಿಗೆಯಲ್ಲಿ ಹೆಣ ಇರಬೇಕು, ಇಲ್ಲಾ ಹುಣ್ಣಿಮೆ ರಾತ್ರಿ ಅವನು ತೋಳ ಆಗಬೇಕು. ಕಳ್ಳನ ಪಾತ್ರದವನು ರಾತ್ರಿ ಬೀಗ ಮುರಿದು ಒಳಗೆ ಇಳಿದ. ದಾಳ ಉರುಳಿಸಿದ, ಹದಿನೆಂಟು ಬಿತ್ತು. ಒಳಗೆ ಏನಿತ್ತು? ಉಪ್ಪಿನ ಮೂಟೆ, ಎರಡು ಕತ್ತಿ, ಮೊಮ್ಮಗಳ ಸ್ಲೇಟು. "ಎಂತ ಮಾರಾಯ, ಇವರು ಸುಮ್ನೆ ಮಾಂಸ ಮಾರ್ತಾರಾ?" ಅಂತ ಅವನಿಗೆ ಬೇಜಾರೇ ಆಯಿತು.

ಅಷ್ಟರಲ್ಲಿ ಜಗಲಿಯ ಇನ್ನೊಂದು ತುದಿಯಲ್ಲಿ ಕಾಫಿ ಕುಡಿಯುತ್ತಿದ್ದ ಹಿರಿಯರ ಕಿವಿ ನೆಟ್ಟಗಾಗಿತ್ತು. ಒಬ್ಬರು ರಿಟೈರ್ಡ್ ಎಂಜಿನಿಯರು, ಒಬ್ಬರು ರಿಟೈರ್ಡ್ ಮೇಷ್ಟ್ರು, ಇನ್ನೊಬ್ಬರು ಯಾವಾಗಲೂ ಬಡಾವಣೆಯ ಅಧ್ಯಕ್ಷರು. ನಾವೂ ಊರಿನ ಪ್ರಜೆಗಳ ಪಾತ್ರ ಮಾಡ್ತೇವೆ ಅಂತ ಕುರ್ಚಿ ಎಳೆದುಕೊಂಡು ಬಂದರು.

ಎಂಜಿನಿಯರು ಸ್ಕೇಲ್ ತರಿಸಿದರು. "ನದಿದೇವತೆ ಗುಡಿಗೂ ಈ ಅಂಗಡಿಗೂ ಎಷ್ಟು ದೂರ ಅಪ್ಪಿ? ಆಹಾರ ಸುರಕ್ಷತೆ ರೂಲ್ಸಿನಲ್ಲಿ 50 ಮೀಟರ್ ಇರಬೇಕು. ಬಾಗಿಲಿಗೆ ಬಾಗಿಲು ಎದುರಾದರೆ 100." ಅಳೆದರೆ ನಲವತ್ತು. ಹುಡುಗ ಅಂಗಡಿಯನ್ನು ರಬ್ಬರಿನಲ್ಲಿ ಅಳಿಸಿ ಮಂತ್ರವಿದ್ಯೆ ಶಾಲೆಯ ಪಕ್ಕ ಬರೆದ. ಮೇಷ್ಟ್ರು ಒಪ್ಪಲಿಲ್ಲ, ಮಕ್ಕಳ ಮನಸ್ಸು ಕೆಡುತ್ತದೆ ಎಂದರು. ಆ ಶಾಲೆಯಲ್ಲಿ ಮೂರನೇ ಕ್ಲಾಸಿಗೇ ಬೆಂಕಿ ಉಂಡೆ ಎಸೆಯೋದು ಕಲಿಸುತ್ತಾರೆ, ಅದು ಬೇರೆ ವಿಷಯ. ಅಂಗಡಿ ಸಂತೆಮಾಳಕ್ಕೆ ಹೋಯಿತು. ಅಲ್ಲಿ ಊರಿಗೆ ಬರುವ ನೆಂಟರ ಕಣ್ಣಿಗೆ ಬೀಳುತ್ತದೆ, ಊರಿನ ಮರ್ಯಾದೆ ಏನಾಗಬೇಕು ಎಂದರು ಅಧ್ಯಕ್ಷರು. ಶಿವಮೊಗ್ಗ 2016ರಲ್ಲೇ ಸ್ಮಾರ್ಟ್ ಸಿಟಿ ಪಟ್ಟಿ ಸೇರಿದ ಊರು, ಇಲ್ಲಿನ ಜಗಲಿಯಲ್ಲಿ ಹುಟ್ಟಿದ ಊರೂ ಸ್ವಲ್ಪ ಸ್ಮಾರ್ಟಾಗಿ ಇರಬೇಡವಾ? ಕೊನೆಗೆ ಅಂಗಡಿ ಕೋಟೆಯ ಹೊರಗೆ, ಕಂದಕ ದಾಟಿ, ರಾಕ್ಷಸರ ಕಾಡಿನ ಅಂಚಿಗೆ ಬಂತು.

ನನಗೆ ರೂಲ್ಸಿನ ಮೇಲೆ ಸಿಟ್ಟಿಲ್ಲ. ಮಾಂಸದ ಮೇಲೆ ನೊಣ ಕೂರಬಾರದು, ರಕ್ತದ ನೀರು ಚರಂಡಿಗೆ ಸುಮ್ಮನೆ ಬಿಡಬಾರದು, ಕಡಿಯುವ ಮುಂಚೆ ಕುರಿಯನ್ನು ಡಾಕ್ಟರ್ ನೋಡಿರಬೇಕು. ಅಂಗಡಿಯಲ್ಲಿ ಹದಿನಾಲ್ಕು ಅಂಕಿಯ ಲೈಸೆನ್ಸ್ ನಂಬರ್ ನೇತು ಹಾಕಿರಬೇಕು. ಎಲ್ಲಾ ಸರಿ. ಆದರೆ ಮೂರು ಸಂಜೆ ನಡೆದ ಚರ್ಚೆಯಲ್ಲಿ ನೊಣದ ಸುದ್ದಿ ಒಬ್ಬರೂ ಎತ್ತಲಿಲ್ಲ. ಚರಂಡಿಯ ಸುದ್ದಿಯೂ ಇಲ್ಲ. ಎಲ್ಲರ ತಲೆಬಿಸಿ ಒಂದೇ, ಕಾಣಬಾರದು.

ಆಮೇಲೆ ರಜೆಯ ಲೆಕ್ಕ ಬಂತು. ನಮ್ಮಲ್ಲಿ ಗಾಂಧಿ ಜಯಂತಿ, ಮಹಾವೀರ ಜಯಂತಿ ಅಂತ ಮಾಂಸ ಮಾರಾಟ ಬಂದ್ ಮಾಡಿಸುವುದು ಉಂಟಲ್ಲ, ಭೂತನಗುಡ್ಡೆಯಲ್ಲಿ ಯಾಕಿಲ್ಲ ಎಂದರು ಮೇಷ್ಟ್ರು. ಆ ಊರಿಗೆ ಹನ್ನೆರಡು ದೇವರು. ಒಬ್ಬೊಬ್ಬರಿಗೆ ತಿಂಗಳಲ್ಲಿ ಎರಡೆರಡು ದಿನ ಹಿಡಿದರೂ ಇಪ್ಪತ್ತನಾಲ್ಕು ದಿನ ಬಾಗಿಲು ಹಾಕಬೇಕು. ಯುದ್ಧದ ದೇವರಿಗೂ ಒಂದು ಅಹಿಂಸಾ ದಿನ ಕೊಟ್ಟರು, ಇಲ್ಲದಿದ್ದರೆ ಅವನಿಗೆ ಬೇಸರ ಆಗಬಹುದು ಅಂತ.

ಆಗ ಬಿಲ್ಲುಗಾರನ ಪಾತ್ರದ ಹುಡುಗ ಕೇಳಿದ, "ಅಂಕಲ್, ಗುಡ್ಡದ ಮೇಲಿನ ಡ್ರ್ಯಾಗನ್ ಹಬ್ಬದ ದಿನವೇ ಇಳಿದು ಬಂದು ಮೂರು ಜನರನ್ನು ತಿಂದು ಹೋಗ್ತದೆ. ಅದಕ್ಕೆ ಬಂದ್ ಇಲ್ವಾ?"

ಹಿರಿಯರು ಮುಖ ಮುಖ ನೋಡಿಕೊಂಡರು. ಎಂಜಿನಿಯರು ಗಂಟಲು ಸರಿಮಾಡಿಕೊಂಡರು. "ಡ್ರ್ಯಾಗನ್ ಹತ್ರ ಲೈಸೆನ್ಸ್ ಇದೆಯಾ?"

"ಇಲ್ಲ."

"ಮತ್ತೆ? ಲೈಸೆನ್ಸ್ ಇದ್ದವನಿಗಲ್ವಾ ನೋಟಿಸ್ ಕೊಡೋಕೆ ಬರೋದು."

ಅಜ್ಜನಿಗೆ ಮಾತ್ರ ನೋಟಿಸಿನ ಮೇಲೆ ನೋಟಿಸ್ ಹೋಯಿತು. ಗೂಬೆಯ ಕಾಲಿಗೆ ಕಟ್ಟಿ ಕಳಿಸಿದ್ದು. ಉತ್ತರ ಬರೆಯುವುದು ಮೊಮ್ಮಗಳ ಕೆಲಸವಾಯಿತು, ಪಾಪ, ಮನೆಯಲ್ಲಿ ಅಕ್ಷರ ಬಲ್ಲವಳು ಅವಳೊಬ್ಬಳೇ.

ಇಷ್ಟೆಲ್ಲ ಆದಮೇಲೆ ಆಟದಲ್ಲಿ ಭಾನುವಾರ ಬಂತು. ಹೊರಗೆ ನಿಜವಾದ ಮಳೆ ಹೊಡೆಯುತ್ತಿತ್ತು, ಪಕ್ಕದ ಮನೆಯಿಂದ ಕೋಳಿ ಸಾರಿನ ಒಗ್ಗರಣೆ ವಾಸನೆ ಜಗಲಿಗೆ ಬರುತ್ತಿತ್ತು. ಮಲೆನಾಡಿನ ಮಳೆಗಾಲದಲ್ಲಿ ಬಿಸಿ ಕಡುಬು, ಕೋಳಿ ಸಾರು ಅಂದರೆ ಯಾರ ಸಿದ್ಧಾಂತವೂ ಗಟ್ಟಿ ನಿಲ್ಲೋದಿಲ್ಲ. ಎರಡು ವರ್ಷಕ್ಕೊಮ್ಮೆ ಕೋಟೆ ಮಾರಿಕಾಂಬೆ ಜಾತ್ರೆ ಬಂದಾಗ ಮಟನ್ ಅಂಗಡಿ ಮುಂದೆ ನಿಲ್ಲುವ ಸಾಲು ನೋಡಿ, ಊರಲ್ಲಿ ತಿನ್ನದವರು ಎಷ್ಟು ಜನ ಅಂತ ಅಂದಾಜು ಸಿಗುತ್ತದೆ.

ಅಧ್ಯಕ್ಷರ ಪಾತ್ರ ಬೆಳಗಿನ ಜಾವ ಮುಸುಕು ಹಾಕಿಕೊಂಡು ಕಂದಕ ದಾಟಿತು.

"ಅರ್ಧ ಕೆ.ಜಿ. ಮಟನ್, ತೊಡೆ ಭಾಗ. ಸ್ವಲ್ಪ ಲಿವರ್ ಹಾಕು. ಎಲುಬು ಜಾಸ್ತಿ ಬೇಡ. ಕಪ್ಪು ಕವರಿನಲ್ಲಿ ಕೊಡು."

"ಈ ಊರಲ್ಲಿ ಪ್ಲಾಸ್ಟಿಕ್ ಇನ್ನೂ ಕಂಡುಹಿಡಿದಿಲ್ಲ ಅಂಕಲ್."

ಅಧ್ಯಕ್ಷರು ಗಾಬರಿಯಾದರು. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾಗಿದ್ದು 2016ರಲ್ಲಿ. ಆದರೂ ಕಪ್ಪು ಕವರ್ ಬದುಕಿ ಉಳಿದಿದೆ ಅಂದರೆ ಅದಕ್ಕೆ ಕಾರಣ ನಮ್ಮ ನಾಚಿಕೆ. ಟೊಮೆಟೊಗೆ ಬಟ್ಟೆ ಚೀಲ ಸಾಕು, ಮಟನ್‌ಗೆ ಕತ್ತಲೆಯೇ ಬೇಕು.

ಮಾಂತ್ರಿಕನ ಪಾತ್ರದವನ ಹತ್ತಿರ ಅದೃಶ್ಯವಾಗುವ ಶಾಲು ಒಂದಿತ್ತು. ಡ್ರ್ಯಾಗನ್ ಗುಹೆಗೆ ನುಗ್ಗಲು ಅಂತ ತಿಂಗಳುಗಟ್ಟಲೆ ಆಡಿ ಸಂಪಾದಿಸಿದ್ದು. ಅಧ್ಯಕ್ಷರು ಅದನ್ನೇ ಬಾಡಿಗೆಗೆ ಕೇಳಿದರು. ಹಿಂದೆಯೇ ಎಂಜಿನಿಯರು ಬಂದರು, ಅವರಿಗೆ ಕಾಲು ಸೂಪು ಬೇಕಿತ್ತು. ಮೇಷ್ಟ್ರು ತಮಗೆ ಬೇಡ ಎಂದರು, ಆದರೆ ಮೊಮ್ಮಕ್ಕಳು ಬಂದಿದ್ದಾರಂತೆ, ಒಂದು ಕೆ.ಜಿ. ಕೈಮಾ. ಶಾಲಿಗೆ ಕ್ಯೂ ನಿಂತಿತು. ಡ್ರ್ಯಾಗನ್ ಬೇಟೆ ಮುಂದಿನ ವಾರಕ್ಕೆ ಹೋಯಿತು.

ಮಾಂಸ ಕೊಂಡು ಆಯಿತು ಅಂದುಕೊಂಡರೆ ಇಲ್ಲ. ಮೂವರೂ ಅಲ್ಲೇ ನಿಂತು ಹೊಸ ಅರ್ಜಿ ಬರೆದರು, ಹುಡುಗ ಅದನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡ. ಅಂಗಡಿ ತುಂಬಾ ದೂರವಾಗಿ ಹಿರಿಯ ನಾಗರಿಕರಿಗೆ ತೊಂದರೆ ಆಗುತ್ತಿದೆಯಂತೆ. ರಾಕ್ಷಸರ ಕಾಟ ಬೇರೆ. ಆದ್ದರಿಂದ ರಾತ್ರಿ ಒಂಬತ್ತರ ಮೇಲೆ ಗೂಬೆಯ ಮೂಲಕ ಹಿತ್ತಲ ಬಾಗಿಲಿಗೆ ಮಾಂಸ ತಲುಪಿಸಬೇಕು. ಗೂಬೆ ಕೂಗಕೂಡದು.