ಎಕೆ-47 ಜೀಪಲ್ಲ ಮಾರಾಯ್ರೆ, ಕ್ವಾಲಿಸ್

ಎಕೆ-47 ಅಂದ್ರೆ ಬಂದೂಕುಗಳಲ್ಲಿ ಮಹೀಂದ್ರ ಜೀಪ್ ಅಂತ ಹೇಳುವವರು ಊರಿಗೊಬ್ಬರಾದರೂ ಇರುತ್ತಾರೆ. ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುವಾಗಲೋ, ಸೊಸೈಟಿ ಕಟ್ಟೆಯಲ್ಲಿ ಅಡಿಕೆ ರೇಟಿನ ಮಾತು ಮುಗಿದ ಮೇಲೋ ಈ ವಿಷಯ ಬಂದೇ ಬರುತ್ತದೆ. ಎರಡೂ ಒರಟು, ಎರಡೂ ಕೆಸರಿಗೆ ಹೆದರಲ್ಲ, ಎರಡನ್ನೂ ಯಾರು ಬೇಕಾದರೂ ಓಡಿಸಬಹುದು, ಅಲ್ವಾ ಅನ್ನುತ್ತಾರೆ. ಕೇಳೋಕೆ ಚೆನ್ನಾಗಿದೆ. ನಾನು ಮಾತ್ರ ಒಪ್ಪಲ್ಲ.

ಬಂದೂಕಿಗೂ ಗಾಡಿಗೂ ಜೋಡಿ ಹಾಕುವುದಾದರೆ ಚೆನ್ನಾಗಿದ್ದಾಗಿನ ಅಂದಚಂದ ನೋಡಿ ಹಾಕಬಾರದು. ಕೆಟ್ಟಾಗ ಏನಾಗುತ್ತದೆ, ಯಾರು ಸರಿ ಮಾಡುತ್ತಾರೆ, ಅಲ್ಲಿಯವರೆಗೆ ನಾವು ಎಲ್ಲಿ ಕೂತಿರಬೇಕು, ಇದನ್ನು ನೋಡಬೇಕು. ಹೊಸನಗರ, ತೀರ್ಥಹಳ್ಳಿ ಕಡೆ ಗಾಡಿ ತಗೊಳ್ಳುವವರು ಮೊದಲು ಕೇಳುವುದು ಮೈಲೇಜಲ್ಲ. "ಸಾಮಾನು ಸಿಗ್ತದನಾ?" ಅಂತ ಕೇಳುತ್ತಾರೆ.

ಜೀಪ್ ಕೆಡುವುದಿಲ್ಲ ಅನ್ನುವವರು ಜೀಪ್ ಇಟ್ಟುಕೊಂಡವರಲ್ಲ. ಜೀಪ್ ಕೆಡುತ್ತದೆ. ಚೆನ್ನಾಗಿಯೇ ಕೆಡುತ್ತದೆ. ಹಳೇ ಪೆಟ್ರೋಲ್ ಜೀಪಾದರೆ ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರ್ ಒಳಗೆ ತೇವ ಹೋಗಿ ಬೆಳಿಗ್ಗೆ ಕೆಮ್ಮುವುದೂ ಇಲ್ಲ. ಪ್ಯೂಜೋ ಡೀಸೆಲ್ ಎಂಜಿನ್ನಿನ ಎಂಎಂ 540 ಆದರೆ ಹೀಟರ್ ಪ್ಲಗ್ ಹೋಗಿರುತ್ತದೆ, ಇಲ್ಲಾಂದ್ರೆ ಬ್ಯಾಟರಿ ಇಳಿದಿರುತ್ತದೆ. ಅದಕ್ಕೇ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ರಾತ್ರಿ ಜೀಪನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸುವ ಪದ್ಧತಿಯೇ ಇಲ್ಲ. ಇಳಿಜಾರಿನಲ್ಲಿ ಚಕ್ರಕ್ಕೊಂದು ಕಲ್ಲು ಕೊಟ್ಟು ನಿಲ್ಲಿಸುತ್ತಾರೆ. ಬೆಳಿಗ್ಗೆ ಕಲ್ಲು ತೆಗೆದು, ಸೆಕೆಂಡ್ ಗೇರಿಗೆ ಹಾಕಿ, ಸ್ವಲ್ಪ ಉರುಳಿದ ಮೇಲೆ ಕ್ಲಚ್ ಬಿಟ್ಟರೆ ಆಯ್ತು. ಅಂಗಳದಲ್ಲೇ ರಿಪೇರಿ ಆಗುತ್ತದೆ ಅನ್ನುವುದು ಜೀಪಿನ ನಿಜವಾದ ದೊಡ್ಡಸ್ತಿಕೆ.

ಹಾಗಾದರೆ ಅದರ ಜೋಡಿ ಯಾವುದು? ನಮ್ಮ ಕೇಪಿನ ಕೋವಿ.

ನಳಿಗೆಯ ಬಾಯಿಂದ ಮದ್ದು ಹಾಕಬೇಕು. ಅದರ ಮೇಲೆ ನಾರಿನದೋ ಕಾಗದದ್ದೋ ಉಂಡೆ ತುರುಕಿ ಗಜದಲ್ಲಿ, ಅಂದರೆ ಉದ್ದನೆಯ ಕಡ್ಡಿಯಲ್ಲಿ, ಜಡಿಯಬೇಕು. ಚರೆ, ಅಂದರೆ ಸಣ್ಣ ಸೀಸದ ಗುಂಡು, ಹಾಕಿ ಮತ್ತೆ ಜಡಿಯಬೇಕು. ಕುದುರೆ ಅನ್ನುವ ಬಡಿಗೆಯನ್ನು ಎತ್ತಿ, ಹಿಂದಿನ ತೂತಿನ ಮೇಲೆ ಕೇಪು, ಅಂದರೆ ಬಡಿದರೆ ಕಿಡಿ ಹಾರುವ ಪುಟ್ಟ ಟೋಪಿ, ಕೂರಿಸಬೇಕು. ಇಷ್ಟೆಲ್ಲ ಆಗುವಷ್ಟರಲ್ಲಿ ಹಂದಿ ನಿಮ್ಮ ಗದ್ದೆ ಮುಗಿಸಿ ಪಕ್ಕದವರ ಗದ್ದೆಗೆ ಹೋಗಿರುತ್ತದೆ. ಎಷ್ಟೋ ಸಲ ಕೇಪು ಮಾತ್ರ ಟಪ್ ಅನ್ನುತ್ತದೆ, ಈಡು ಹೋಗಲ್ಲ. ತೂತಿನಲ್ಲಿ ಹಳೇ ಮದ್ದಿನ ಮಸಿ ಕಟ್ಟಿಕೊಂಡು ಕಿಡಿ ಒಳಗೆ ಇಳಿದಿರುವುದಿಲ್ಲ, ಅಷ್ಟೇ. ಅದಕ್ಕೆ ಬೇಕಾದದ್ದು ಒಂದು ಪಿನ್ನು. ಕಾರ್ಬೊರೇಟರಿನ ಜೆಟ್, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತು, ಕಟ್ಟಿಕೊಂಡು ಜೀಪ್ ನಿಂತಾಗಲೂ ಬೇಕಾದದ್ದು ಅದೇ ಪಿನ್ನು, ಜೊತೆಗೆ ಬಾಯಿಂದ ಒಂದು ಊದು.

ನಮ್ಮ ದೊಡ್ಡಪ್ಪ ಅಂಗಿಯ ಕಾಲರಿನ ಒಳಮಗ್ಗುಲಲ್ಲಿ ಒಂದು ಪಿನ್ನು ಚುಚ್ಚಿಟ್ಟುಕೊಂಡೇ ಇರುತ್ತಿದ್ದರು. ಕೋವಿಗೂ ಅದೇ, ಜೀಪಿಗೂ ಅದೇ. ಗ್ಯಾರೇಜಿನ ಸಾಬರು ನೋಡಿದಾಗೆಲ್ಲ ಬೈಯುತ್ತಿದ್ದರು. "ಜೆಟ್ಟಿಗೆ ಪಿನ್ ಹಾಕ್ಬೇಡಿ ಗೌಡ್ರೇ, ತೂತು ದೊಡ್ಡದಾದ್ರೆ ಗಾಡಿ ಪೆಟ್ರೋಲ್ ಕುಡಿಯುತ್ತೆ." ದೊಡ್ಡಪ್ಪನ ಉತ್ತರ ಯಾವಾಗಲೂ ಒಂದೇ. "ಕುಡೀಲಿ ಬಿಡಿ ಸಾಬ್ರೇ, ಹೊರಡ್ತದಲ್ಲ."

ಸಾಬರು ಹೇಳಿದ್ದು ಸರಿಯೇ. ಆದರೆ ಎಕೆ-47 ಇಟ್ಟುಕೊಂಡವನಿಗೆ ಇಂಥ ಜಗಳಕ್ಕೆ ಆಸ್ಪದವೇ ಇಲ್ಲ ನೋಡಿ. ಅದನ್ನು ರೂಪಿಸಿದ ಮಿಖಾಯಿಲ್ ಕಲಾಶ್ನಿಕೋವ್ ರಷ್ಯಾದ ಟ್ಯಾಂಕ್ ಪಡೆಯ ಸಾರ್ಜೆಂಟ್. 1941ರಲ್ಲಿ ಗಾಯವಾಗಿ ಆಸ್ಪತ್ರೆ ಸೇರಿದ ಮೇಲೆ ಬಂದೂಕಿನ ಚಿಂತೆ ತಲೆಗೆ ಹತ್ತಿಸಿಕೊಂಡವನು. ಅವನ ಬಂದೂಕಿನ ಒಳಗಿನ ಭಾಗಗಳ ನಡುವೆ ಬೇಕೆಂದೇ ಸ್ವಲ್ಪ ಸಡಿಲ ಬಿಟ್ಟಿದ್ದಾರೆ. ಧೂಳು, ಮರಳು ಹೋದರೂ ಕಚ್ಚಿಕೊಳ್ಳುವುದಿಲ್ಲ. ಗುಂಡಿನ ಗ್ಯಾಸು ತಳ್ಳುವ ಪಿಸ್ಟನ್ ದಪ್ಪದ್ದು, ಅದರ ಒದೆತಕ್ಕೆ ಅಡ್ಡ ಬಂದ ಕಸವೂ ಪಕ್ಕಕ್ಕೆ ಸರಿಯುತ್ತದೆ. ನಳಿಗೆಯ ಒಳಗೆ ಕ್ರೋಮ್ ಲೇಪ ಇರುವುದರಿಂದ ತುಕ್ಕಿನ ಕಾಟ ಕಡಿಮೆ. ಇಟ್ಟುಕೊಂಡವನಿಗೆ ಬಂದೂಕಿನ ಬಗ್ಗೆ ಏನೂ ಗೊತ್ತಿರಬೇಕಾಗಿಲ್ಲ.

ಇದು ಟೊಯೊಟಾದವರ ಕ್ವಾಲಿಸ್ ಅಲ್ಲದೆ ಇನ್ನೇನು? 2000ದಲ್ಲಿ ನಮ್ಮ ಬಿಡದಿಯಲ್ಲೇ ತಯಾರಾಗಿ ಬಂತು, 2005ಕ್ಕೆ ನಿಲ್ಲಿಸಿದರು. ನೋಡೋಕೆ ಚಂದ ಅಂತ ಯಾರೂ ತಗೊಂಡಿದ್ದಲ್ಲ. ಆದರೆ ಬಾನೆಟ್ ಎತ್ತಿ ನೋಡುವ ಚಾಳಿಯೇ ಇಲ್ಲದ ಡ್ರೈವರುಗಳ ಕೈಯಲ್ಲಿ ಲಕ್ಷಗಟ್ಟಲೆ ಕಿಲೋಮೀಟರ್ ಓಡಿತು. ಈಗಲೂ ಶಿವಮೊಗ್ಗದ ರಸ್ತೆಯಲ್ಲಿ ಅಪರೂಪಕ್ಕೊಂದು ಕಾಣುತ್ತದೆ. ಬೇಕಾದರೆ ಚರಿತ್ರೆಯ ಸಾಕ್ಷಿಯನ್ನೂ ಕೊಡುತ್ತೇನೆ. 1987ರಲ್ಲಿ ಚಾಡ್ ದೇಶದವರು ಟೊಯೊಟಾ ಪಿಕಪ್‌ಗಳ ಮೇಲೆ ಕ್ಷಿಪಣಿ, ಮಷಿನ್ ಗನ್ ಕಟ್ಟಿಕೊಂಡು ಹೋಗಿ ಲಿಬಿಯಾದ ಟ್ಯಾಂಕುಗಳನ್ನೇ ಓಡಿಸಿದರು. ಆ ಜಗಳಕ್ಕೆ ಟೊಯೊಟಾ ಯುದ್ಧ ಅಂತಲೇ ಹೆಸರು. ಆಮೇಲೂ ಮರುಭೂಮಿಯ ಯಾವ ಯುದ್ಧದ ಫೋಟೋ ನೋಡಿದರೂ ಕೆಳಗೆ ಟೊಯೊಟಾ, ಮೇಲೆ ಕೂತವರ ಕೈಯಲ್ಲಿ ಕಲಾಶ್ನಿಕೋವ್. ಈ ಜೋಡಿಯನ್ನು ನಾನು ಹಾಕಿದ್ದಲ್ಲ, ಅವರೇ ಹಾಕಿಟ್ಟಿದ್ದಾರೆ.

ಇನ್ನು .303 ರೈಫಲ್. ಪೊಲೀಸ್ ಸ್ಟೇಷನ್ ಬಾಗಿಲಲ್ಲಿ, ಬ್ಯಾಂಕಿನ ಮುಂದೆ ನಾವೆಲ್ಲ ಚಿಕ್ಕವರಿದ್ದಾಗ ಬೆರಗಿನಿಂದ ನೋಡಿದ್ದು ಇದನ್ನೇ. ಇದಕ್ಕೆ ಅಂಬಾಸಿಡರ್ ಬಿಟ್ಟರೆ ಬೇರೆ ಸಂಬಂಧ ಹುಡುಕುವುದೇ ತಪ್ಪು. ಎರಡೂ ಇಂಗ್ಲಿಷರ ನಕ್ಷೆ. ರೈಫಲ್ ಅವರ 1907ರ ಮಾದರಿ, ಕಾರು ಅವರ ಮಾರಿಸ್ ಆಕ್ಸ್‌ಫರ್ಡ್. ಎರಡನ್ನೂ ನಮ್ಮವರು ತಯಾರಿಸಿದ್ದು ಬಂಗಾಳದಲ್ಲಿ. ರೈಫಲ್ ಇಚ್ಛಾಪುರದಲ್ಲಿ, ಕಾರು ಉತ್ತರಪಾರಾದಲ್ಲಿ. ಎರಡೂ ಹೂಗ್ಲಿ ನದಿ ದಡದ ಊರುಗಳು, ಒಂದು ಈ ದಡ, ಇನ್ನೊಂದು ಆ ದಡ. ಹೊಳೆ ದಾಟಿದರೆ ಬೀಗರ ಮನೆ.

ಕೆಡುವ ರೀತಿಯೂ ಹೊಂದುತ್ತದೆ. .303 ತೋಟೆಯ, ಅಂದರೆ ಮದ್ದು ಗುಂಡು ಸೇರಿದ ಕೊಳವೆಯ, ಹಿಂದುಗಡೆ ಹೊರಗೆ ಚಾಚಿದ ಅಂಚಿದೆ. ತುಂಬುವಾಗ ಮೇಲಿನ ತೋಟೆಯ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಇರಬೇಕು. ಹಿಂದೆ ಹೋಯ್ತೋ, ಬೋಲ್ಟ್ ತಳ್ಳಿದರೆ ಒಂದಕ್ಕೊಂದು ಸಿಕ್ಕಿ ಹಾಕಿಕೊಂಡು ಕೂತುಬಿಡುತ್ತವೆ. ಬಲ ಹಾಕಿದಷ್ಟೂ ಹಟ ಜಾಸ್ತಿ. ಅಂಬಾಸಿಡರ್ ಹಟ ಮಾಡುತ್ತಿದ್ದದ್ದು ಬೇಸಿಗೆಯ ಆಗುಂಬೆ ಘಾಟಿಯಲ್ಲಿ. ತಿರುವು ಹತ್ತಿ ಹತ್ತಿ ಎಂಜಿನ್ ಕಾದು, ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿ ಪಂಪು ಎಳೆಯುತ್ತಿರಲಿಲ್ಲ. ಬಾನೆಟ್ ಎತ್ತಿ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಮಂಗಗಳಿಂದ ಬಾಳೆಹಣ್ಣಿನ ಚೀಲ ಕಾಪಾಡಿಕೊಂಡು ಕಾಯಬೇಕು. ಎರಡಕ್ಕೂ ಔಷಧಿ ತಾಳ್ಮೆ. ಬೈದರೆ ಕೇಳುವ ಜಾತಿಯಲ್ಲ ಇವು. ಕಾರು ತಯಾರಾಗುವುದು 2014ರಲ್ಲಿ ನಿಂತಿತು. ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದ ಪರೇಡಿನಲ್ಲಿ ಹಿಡಿದು ನಡೆದು ರೈಫಲ್ಲಿಗೂ ವಿದಾಯ ಹೇಳಿದರು.

ಇಲ್ಲೊಂದು ಅಡ್ಡಮಾತು. ಬಂದೂಕಿಗೂ ಗಾಡಿಗೂ ನಂಟು ಕಟ್ಟೋದು ಹರಟೆ ಅಂದುಕೊಂಡರೆ ಕಾರ್ಖಾನೆಗಳನ್ನು ನೋಡಿ. ಬಿಎಸ್‌ಎ ಸೈಕಲ್ ನಮಗೆಲ್ಲ ಗೊತ್ತು. ಅದು 1861ರಲ್ಲಿ ಬರ್ಮಿಂಗ್‌ಹ್ಯಾಮಿನ ಬಂದೂಕು ಮಾಡುವವರು ಸೇರಿ ಕಟ್ಟಿದ ಕಂಪನಿ. ಗುರುತು ಒಂದಕ್ಕೊಂದು ಆನಿಸಿ ನಿಲ್ಲಿಸಿದ ಮೂರು ಬಂದೂಕು. ಆಮೇಲೆ ಸೈಕಲ್, ಮೋಟರ್ ಸೈಕಲ್ ಎಲ್ಲ ಮಾಡಿದರು, 1910ರಲ್ಲಿ ಡೈಮ್ಲರ್ ಕಾರು ಕಂಪನಿಯನ್ನೇ ಕೊಂಡರು. ಈಗ ಬಿಎಸ್‌ಎ ಬೈಕಿನ ಹೆಸರು ಯಾರ ಕೈಯಲ್ಲಿದೆ ಅಂದುಕೊಂಡಿರಿ? ಜೀಪಿನ ಮಹೀಂದ್ರದವರ ಬಳಗದ ಕೈಯಲ್ಲಿ! ಬುಲೆಟ್ ಗಾಡಿಯ ಕಥೆಯೂ ಹಾಗೇ. ಇಂಗ್ಲೆಂಡಿನ ಎನ್‌ಫೀಲ್ಡ್ ಊರಿನ ಸರ್ಕಾರಿ ಬಂದೂಕು ಕಾರ್ಖಾನೆಗೆ ಬಿಡಿಭಾಗ ಒದಗಿಸುತ್ತಿದ್ದ ಕಂಪನಿ ಅದೇ ಊರಿನ ಹೆಸರಿಟ್ಟುಕೊಂಡು, ಫಿರಂಗಿಯ ಗುರುತು ಹಾಕಿ, ಬಂದೂಕಿನ ಹಾಗೆ ಗಟ್ಟಿ ಅಂತ ಜಾಹೀರಾತು ಕೊಟ್ಟಿತು. ಈಗ ಹೇಳಿದೆನಲ್ಲ .303, ಅದೂ ಅದೇ ಎನ್‌ಫೀಲ್ಡಿನ ಕೂಸು. ನಮ್ಮೂರಿನ ಹುಡುಗರು ಬುಲೆಟ್ಟಿನ ಸೈಲೆನ್ಸರ್ ಬದಲಾಯಿಸಿ ಢಂ ಢಂ ಅನ್ನಿಸುವುದು ಒಂಥರಾ ತವರಿನ ನೆನಪೇ ಇರಬೇಕು.

ನನಗೆ ತುಂಬಾ ಖುಷಿ ಕೊಡುವ ಜೋಡಿ ಬ್ರೆನ್ ಅನ್ನುವ ಹಗುರ ಮಷಿನ್ ಗನ್ನು ಮತ್ತು ಲಾರಿ. ಒಂದೇ ಸಮ ಹೊಡೆದರೆ ಬ್ರೆನ್ನಿನ ನಳಿಗೆ ಕಾದು ಕೆಂಡವಾಗುತ್ತದೆ. ಹಾಗಾಗಿ ಜೊತೆಗೆ ಬೇರೆ ನಳಿಗೆ ಇಟ್ಟುಕೊಂಡಿರುತ್ತಾರೆ, ಚಿಲಕ ತಿರುಗಿಸಿ ತೆಗೆದು ಇದನ್ನು ಹಾಕುತ್ತಾರೆ. ಹಾಕುವವನು ಗುಂಡು ಹೊಡೆಯುವವನಲ್ಲ, ಪಕ್ಕದಲ್ಲಿ ಮಲಗಿರುವ ನಂಬರ್ ಟು. ಅವನು ನಳಿಗೆ ಬದಲಾಯಿಸಬೇಕು, ಮ್ಯಾಗಜಿನ್ ಹಾಕಬೇಕು. ಹೆಸರು ಮಾತ್ರ ಹೊಡೆದವನಿಗೆ. ಈಗ ಹುಲಿಕಲ್ ಘಾಟಿ ಹತ್ತುವ ಹಳೇ ಲಾರಿ ನೆನಪಿಸಿಕೊಳ್ಳಿ. ಸ್ಟೆಪ್ನಿ ಇಳಿಸುವವನು ಯಾರು? ಬೋಲ್ಟ್ ಬಿಚ್ಚುವವನು ಯಾರು? ಲಾರಿ ಹಿಂದೆ ಜಾರುವಾಗ ಹಾರಿ ಇಳಿದು ಚಕ್ರಕ್ಕೆ ಕಲ್ಲು ಕೊಡುವವನು ಯಾರು? ಕ್ಲೀನರ್. ಮೀಸೆ ತಿರುವುವವನು ಡ್ರೈವರ್. ಪ್ರಪಂಚದ ಎಲ್ಲ ನಂಬರ್ ಟುಗಳೂ ಒಂದು ಸಂಘ ಮಾಡಿಕೊಳ್ಳಬೇಕು.

ನಮ್ಮ ಸೇನೆಯ ಇನ್ಸಾಸ್ ರೈಫಲ್ ಮತ್ತು ಟಾಟಾದವರ ಇಂಡಿಕಾ ಕಾರಿಗೆ ಜಾತಕವೇ ಕೂಡಿ ಬರುತ್ತದೆ. ಎರಡೂ ನಮ್ಮದೇ ಅಂತ ಹೆಮ್ಮೆ ಪಟ್ಟವು, ಎರಡೂ ತೊಂಬತ್ತರ ದಶಕದವು. ಕಾರ್ಗಿಲ್‌ನಲ್ಲಿ 1999ರಲ್ಲಿ ಚಳಿಗೆ ಇನ್ಸಾಸಿನ ಪ್ಲಾಸ್ಟಿಕ್ ಮ್ಯಾಗಜಿನ್ ಬಿರುಕು ಬಿಟ್ಟಿತು ಅನ್ನುವ ದೂರು ಬಂತು. 1998ರ ಕೊನೆಯಲ್ಲಿ ಬಂದ ಇಂಡಿಕಾಕ್ಕೂ ಮೊದಮೊದಲು ದೂರುಗಳ ಸುರಿಮಳೆ. 2001ರಲ್ಲಿ ವಿ2 ಅನ್ನುವ ತಿದ್ದಿದ ಮಾದರಿ ಬಂದು ಎಷ್ಟೋ ಸರಿಯಾಯಿತು, ಇನ್ಸಾಸನ್ನೂ ತಿದ್ದಿದರು. ಆದರೆ ನಮ್ಮ ಜನ ಮೊದಲನೇ ದಿನದ ಅಡುಗೆಗೆ ಉಪ್ಪು ಜಾಸ್ತಿಯಾದದ್ದನ್ನು ಮೊಮ್ಮಕ್ಕಳ ಕಾಲದವರೆಗೂ ಹೇಳುವವರು. ಈ ವಿಷಯದಲ್ಲಿ ನನ್ನ ಮತ ಇವೆರಡರ ಕಡೆಗೇ. ಮೊದಲ ಸಲ ಮಾಡಿದವರು ತಿದ್ದಿಕೊಂಡರಲ್ಲ, ಅದಕ್ಕೂ ಒಂದು ಮಾರ್ಕು ಕೊಡಬೇಕು.

ಗ್ಲಾಕ್ ಪಿಸ್ತೂಲು ಮಾರುತಿ 800. 1982ರಲ್ಲಿ ಆಸ್ಟ್ರಿಯಾ ಸೇನೆ ಗ್ಲಾಕ್ ಒಪ್ಪಿಕೊಂಡಾಗ ಪ್ಲಾಸ್ಟಿಕ್ ಪಿಸ್ತೂಲು ಅಂತ ನಕ್ಕರು. 1983ರಲ್ಲಿ ಮಾರುತಿ ಬಂದಾಗ ನಮ್ಮವರು ಬೆಂಕಿಪೊಟ್ಟಣ ಅಂತ ನಕ್ಕರು. ಮುಂದೆ ಏನಾಯ್ತು ಅಂತ ಹೇಳಬೇಕಾಗಿಲ್ಲ. ಡೆಸರ್ಟ್ ಈಗಲ್ ಅಂತ ಸುಮಾರು ಎರಡು ಕೆಜಿ ತೂಗುವ ಪಿಸ್ತೂಲೊಂದಿದೆ. ಅದು ನಮ್ಮ ಕೆಲವು ಲೀಡರುಗಳ ಫಾರ್ಚುನರ್. ತೀರ್ಥಹಳ್ಳಿ ಪೇಟೆಯಲ್ಲಿ ತಿರುಗಿಸೋಕೆ ಜಾಗ ಇಲ್ಲ, ಆದರೂ ಬೇಕು.

ಈ ಆಟದಲ್ಲಿ ಹೋಲಿಕೆ ಕೈಕೊಡುವ ಜಾಗವೂ ಇದೆ. ಜೀಪನ್ನು ನೆಂಟರು ಕೇಳಿದರೆ ಕೀಲಿ ಎಸೆದು "ಡೀಸೆಲ್ ಹಾಕ್ಕೊಳಿ ಭಾವ" ಅಂದರೆ ಮುಗಿಯಿತು. ಕೋವಿಯನ್ನು ಹಾಗೆ ಕೊಟ್ಟರೆ ಇಬ್ಬರೂ ಸ್ಟೇಷನ್ ಮೆಟ್ಟಿಲು ಹತ್ತಬೇಕಾಗುತ್ತದೆ. ಅಜ್ಜ ತೀರಿಕೊಂಡು ವರ್ಷಗಳಾದರೂ ಜೀಪಿನ ಆರ್‌ಸಿ ಅಜ್ಜನ ಹೆಸರಿನಲ್ಲೇ ಇರುತ್ತದೆ, ಯಾರೂ ಕೇಳಲ್ಲ. ಕೋವಿ ಹಾಗಲ್ಲ. ಲೈಸೆನ್ಸಿನವರು ಹೋದ ಮೇಲೆ ಅದನ್ನು ಠೇವಣಿ ಇಟ್ಟು, ಮಕ್ಕಳಲ್ಲಿ ಒಬ್ಬರು ಅರ್ಜಿ ಹಾಕಿ, ಅಣ್ಣತಮ್ಮಂದಿರ ಒಪ್ಪಿಗೆ ತಂದು ಅಲೆಯಬೇಕು. ಅಡಿಕೆ ತೋಟ ಪಾಲಾಗುವುದಕ್ಕಿಂತ ಕೋವಿ ಪಾಲಾಗುವುದು ಕಷ್ಟ. ಆಯುಧ ಪೂಜೆಯ ದಿನ ನೋಡಿ, ಜೀಪಿಗೆ ಬಾಳೆಕಂದು, ಚೆಂಡುಹೂವಿನ ಮಾಲೆ, ಚಕ್ರದಡಿ ನಿಂಬೆಹಣ್ಣು. ಪಕ್ಕದಲ್ಲಿ ಒರಗಿಸಿಟ್ಟ ಕೋವಿಗೆ ಒಂದು ಬೊಟ್ಟು ಕುಂಕುಮ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದರ ಕೆಲಸ ಮಂಗ ಓಡಿಸಲು ಸದ್ದು ಮಾಡುವುದು, ಅಷ್ಟೇ. ಹೂವು ಯಾಕೆ ವೇಸ್ಟು ಅಂತ ಮನೆಯವರಿಗೂ ಅನ್ನಿಸಿರಬೇಕು.

ಆದರೆ ಚುನಾವಣೆ ಬಂದರೆ ಎರಡೂ ಮತ್ತೆ ಒಂದಾಗುತ್ತವೆ. ಕೋವಿ ತಂದು ಠೇವಣಿ ಇಡಿ ಅಂತ ಸ್ಟೇಷನ್ನಿನಿಂದ ಫೋನು. ಚುನಾವಣೆ ಕೆಲಸಕ್ಕೆ ಗಾಡಿ ಬೇಕು ಅಂತ ಇನ್ನೊಂದು ಕಡೆಯಿಂದ ಆದೇಶ. ಕೋವಿ ಅಲ್ಲಿ ಚೀಟಿ ಕಟ್ಟಿಸಿಕೊಂಡು ತೆಪ್ಪಗೆ ಮೂಲೆಯಲ್ಲಿ ನಿಂತಿರುತ್ತದೆ. ಜೀಪು ಪಾಪ, ಮತಯಂತ್ರ, ಮೇಷ್ಟ್ರು, ಪೊಲೀಸರು ಎಲ್ಲರನ್ನೂ ಹೊತ್ತುಕೊಂಡು ರಸ್ತೆಯೇ ಇಲ್ಲದ ಬೂತಿಗೆ ಹೋಗುತ್ತದೆ. ತೋಟದಲ್ಲಿ ಮಂಗಗಳಿಗೆ ಹಬ್ಬ. ನೀತಿ ಸಂಹಿತೆ ಅವಕ್ಕೆ ಅನ್ವಯ ಆಗುವುದಿಲ್ಲವಂತೆ.

ಇಷ್ಟೆಲ್ಲ ಜೋಡಿ ಹಾಕಿದರೂ ಓಮ್ನಿಗೆ ಮಾತ್ರ ನನಗೆ ಸಂಬಂಧ ಕುದುರಿಲ್ಲ. ಅಡಿಕೆ ಮೂಟೆ, ಮದುವೆ ದಿಬ್ಬಣ, ಬಾಣಂತಿ, ಹಾಲಿನ ಕ್ಯಾನು, ಯಕ್ಷಗಾನದ ವೇಷದ ಪೆಟ್ಟಿಗೆ ಎಲ್ಲ ಹೊತ್ತಿದೆ. ಕೆಟ್ಟರೆ ಎಂಜಿನ್ ನೋಡೋಕೆ ಮುಂದಿನ ಸೀಟಿನಲ್ಲಿ ಕೂತವರನ್ನೇ ಎಬ್ಬಿಸಬೇಕು. ಅದರಲ್ಲೂ ಅಲ್ಲಿ ಕೂತಿರುವುದು ಯಾವಾಗಲೂ ಮೊಣಕಾಲು ನೋವಿನ ದೊಡ್ಡಮ್ಮನೇ ಆಗಿರುತ್ತಾರೆ. ರಿಪೇರಿ ಮಾಡೋಕೆ ಮನೆಯ ಹಿರಿಯರನ್ನು ಮಳೆಯಲ್ಲಿ ಇಳಿಸಬೇಕಾದ ಬಂದೂಕು ಯಾವುದಾದರೂ ಇದ್ದರೆ ಹೇಳಿ.