ಕಡ ತಂದ ಮೊಟ್ಟೆಯ ಗಗನಯಾನ

2018ರ ಜುಲೈ ತಿಂಗಳಿನಲ್ಲಿ ನಮ್ಮ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಲ್ಲಿ, ಹಾಳುಬಾವಿಯೊಂದರೊಳಗೆ ಹದಿನೆಂಟನೆಯ ಶತಮಾನದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕಿದ ಸುದ್ದಿ ಬಂದ ದಿನದಿಂದ, ರಾಕೆಟ್ ಹಾರಿಸುವುದು ನಮ್ಮ ಸೀಮೆಯವರಿಗೆ ರಕ್ತದಲ್ಲೇ ಬಂದ ವಿದ್ಯೆಯೆಂದು ನಾನು ನಂಬಿದ್ದೆ. ಅಷ್ಟೊಂದು ರಾಕೆಟ್‌ಗಳು ಆಕಾಶ ಬಿಟ್ಟು ಬಾವಿಯಲ್ಲೇಕೆ ಇದ್ದವು ಎಂದು ಯೋಚಿಸುವ ವಿವೇಕ ಆಗ ನನಗಿರಲಿಲ್ಲ.

ಅದೇ ವರ್ಷ ಅಕ್ಟೋಬರ್ 4ರಿಂದ 10ರವರೆಗಿನ ವಿಶ್ವ ಬಾಹ್ಯಾಕಾಶ ಸಪ್ತಾಹದಲ್ಲಿ ಕಾಲೇಜೊಂದು ನೀರಿನ ರಾಕೆಟ್ ಸ್ಪರ್ಧೆಯನ್ನು ಏರ್ಪಡಿಸಿತು. ಪ್ಲಾಸ್ಟಿಕ್ ಬಾಟಲಿಯ ಮೂರನೆಯ ಒಂದು ಭಾಗಕ್ಕೆ ನೀರು ತುಂಬಿ, ಬಾಯಿಗೆ ಬಿರಡೆ ಜಡಿದು, ಬೋರಲಾಗಿ ನಿಲ್ಲಿಸಿ, ಸೈಕಲ್ ಪಂಪಿನಿಂದ ಗಾಳಿ ಒತ್ತಿ ಬಿಟ್ಟರೆ ನೀರು ಕೆಳಕ್ಕೆ ಚಿಮ್ಮುತ್ತದೆ, ಬಾಟಲಿ ಮೇಲಕ್ಕೆ ನೆಗೆಯುತ್ತದೆ. ಇಷ್ಟಕ್ಕೇ ಬಿಟ್ಟಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಅಮೆರಿಕದ ಶಾಲಾ ಮಕ್ಕಳು ರಾಕೆಟ್‌ನೊಳಗೆ ಹಸಿ ಮೊಟ್ಟೆಯಿಟ್ಟು ಹಾರಿಸಿ, ಅದನ್ನು ಒಡೆಯದಂತೆ ಇಳಿಸುತ್ತಾರೆಂಬುದನ್ನು ಸಂಘಟಕರು ಎಲ್ಲಿಯೋ ಓದಿಬಿಟ್ಟಿದ್ದರು.

ನಮ್ಮದು ಮೊಟ್ಟೆ ಹೊಸಿಲು ದಾಟದ ಮನೆ. ಹಾಗಾಗಿ ಪಂಪನ್ನೂ ನಾಟಿ ಕೋಳಿಯ ಮೊಟ್ಟೆಯೊಂದನ್ನೂ ಬಸ್ ನಿಲ್ದಾಣದ ಪಂಕ್ಚರ್ ಅಂಗಡಿಯಣ್ಣನಿಂದ, ಎರಡನ್ನೂ ಸಂಜೆಯೊಳಗೆ ಹಿಂದಿರುಗಿಸುವ ಕರಾರಿನ ಮೇಲೆ ತಂದೆವು. ಪ್ಯಾರಾಚೂಟಿಗೆ ಅಪ್ಪಯ್ಯನ ಕೊಡೆಯ ಬಟ್ಟೆಯನ್ನು ಕತ್ತರಿಸಿದೆ. ಅಕ್ಟೋಬರ್‌ನಲ್ಲೂ ಮಳೆ ಬಿಡದ ಮಲೆನಾಡಿನಲ್ಲಿ ಇದು ಎಂಥ ಅಪರಾಧವೆಂದು ಬಯಲುಸೀಮೆಯವರಿಗೆ ವಿವರಿಸುವುದು ಕಷ್ಟ.

ಮೊದಲು ತಂದದ್ದು ಕುಡಿಯುವ ನೀರಿನ ತೆಳು ಬಾಟಲಿ. ಅದು ನಾಲ್ಕು ಸಲ ಪಂಪು ಒತ್ತುವುದರೊಳಗೆ ಪೂರಿಯಂತೆ ಉಬ್ಬಿ, ಅಜ್ಜಿಯ ಮಧ್ಯಾಹ್ನದ ನಿದ್ದೆಯನ್ನು ಒಡೆಯಿತು. ಒತ್ತಡ ತಾಳುವುದು ಸೋಡಾ ತುಂಬುವ ಬಾಟಲಿಗಳು ಮಾತ್ರ. ಅಂಥದ್ದೊಂದನ್ನು ಹುಡುಕಿ ತಂದ ಮೇಲೆ ರೆಕ್ಕೆ ಎಲ್ಲಿ ಅಂಟಿಸುವುದೆಂಬ ಪ್ರಶ್ನೆ ಬಂತು. ಬಾಲದ ಕಡೆಗೆ ಎಂದು ನಾನು ಹೇಳಿದ್ದಕ್ಕೆ ನನ್ನ ಜೊತೆಗಾರ, "ಹಕ್ಕಿಗೆ ರೆಕ್ಕೆ ಬಾಲದಲ್ಲಿ ಇದೆಯೇನೋ?" ಎಂದ. ನನ್ನ ಬಳಿ ಉತ್ತರವಿರಲಿಲ್ಲ. ರೆಕ್ಕೆಗಳು ರಾಕೆಟ್‌ನ ಮೇಲ್ತುದಿಯ ಹತ್ತಿರ ಕುಳಿತವು. ಉತ್ತರ ನಿಜಕ್ಕೂ ಸರಳವಾಗಿತ್ತು. ಹಾರುವಾಗ ರಾಕೆಟ್ ಸ್ವಲ್ಪ ವಾಲಿದರೂ ಗಾಳಿ ಅದರ ಹಿಂಭಾಗವನ್ನು ತಳ್ಳಿ ನೇರ ಮಾಡಬೇಕು. ಅದಕ್ಕೆ ಭಾರ ಮುಂದಿರಬೇಕು, ರೆಕ್ಕೆ ಹಿಂದಿರಬೇಕು. ಬಾವಿಯಲ್ಲಿ ಸಿಕ್ಕಂಥ ರಾಕೆಟ್‌ಗಳನ್ನು ಹಾರಿಸುತ್ತಿದ್ದ ಟಿಪ್ಪು ಕಾಲದ ಮೈಸೂರಿನ ಸೈನಿಕರು ಅವುಗಳ ಕಬ್ಬಿಣದ ಕೊಳವೆಗಳಿಗೆ ಉದ್ದನೆಯ ಬಿದಿರು ಕಟ್ಟುತ್ತಿದ್ದುದೂ ಈ ನೇರ ಹಾರಾಟಕ್ಕಾಗಿಯೇ. ರಕ್ತದಲ್ಲಿ ಬಂದ ವಿದ್ಯೆ ನಮ್ಮ ತನಕ ಬರುವಾಗ ಬಿದಿರನ್ನು ದಾರಿಯಲ್ಲೆಲ್ಲೋ ಬಿಟ್ಟುಬಂದಿತ್ತು.

ಎತ್ತರ ಅಳೆಯಲು ತೀರ್ಪುಗಾರರು 30 ಮೀಟರ್ ದೂರದಲ್ಲಿ, ದಾರದಲ್ಲೊಂದು ನಟ್ಟು ತೂಗಿಬಿಟ್ಟ ಕೋನಮಾಪಕವನ್ನು ಕಣ್ಣಿಗೆ ಹಿಡಿದು ನಿಂತಿದ್ದರು. 45 ಡಿಗ್ರಿಯಲ್ಲಿ ಕಂಡ ರಾಕೆಟ್ ಅವರ ಕಣ್ಣಿನ ಮಟ್ಟದಿಂದ 30 ಮೀಟರ್ ಮೇಲಿದೆ ಎಂಬುದು ಲೆಕ್ಕ. ಬಿರಡೆ ಕಳಚಿತು. ಪಂಪಿನ ಬಳಿಯಿದ್ದ ನನಗೆ ಅಡಿಯಿಂದ ಮುಡಿಯವರೆಗೆ ಸ್ನಾನವಾಯಿತು. ಕಣ್ಣೊರೆಸಿಕೊಂಡು ನೋಡುವಷ್ಟರಲ್ಲಿ ನಮ್ಮ ರಾಕೆಟ್ ಎರಡಾಳೆತ್ತರಕ್ಕೆ ಏರಿ, ಏನೋ ಮರೆತವರಂತೆ ಹೊರಳಿ, ನೇರವಾಗಿ ತೀರ್ಪುಗಾರರನ್ನೇ ಹುಡುಕಿಕೊಂಡು ಹೊರಟಿತ್ತು. ಅವರು ಮೇಜಿನ ಕೆಳಗೆ ಸೇರಿದರು. ರಾಕೆಟ್ ಅವರ ಹಿಂದಿನ ಶಾಮಿಯಾನಾಕ್ಕೆ ಬಡಿದು, ಬಟ್ಟೆಯ ಜೋಲಿನಲ್ಲಿ ತೊಟ್ಟಿಲ ಕೂಸಿನಂತೆ ಮಲಗಿತು. ಆಮೇಲೆ ನಿಧಾನವಾಗಿ ಪ್ಯಾರಾಚೂಟು ಬಿಚ್ಚಿಕೊಂಡಿತು.

ಮೊಟ್ಟೆ ಒಡೆದಿರಲಿಲ್ಲ! ನಿಯಮದ ಪ್ರಕಾರ ಅರ್ಧ ಅಂಕ ನಮ್ಮದೆಂದು ನಾವು ವಾದಿಸಿದೆವು. ತೀರ್ಪುಗಾರರು ಮಂಡಿಯ ಮಣ್ಣು ಕೊಡವಿಕೊಳ್ಳುತ್ತ, ಎತ್ತರದ ಕಾಲಂನಲ್ಲಿ "ಅನ್ವಯಿಸುವುದಿಲ್ಲ" ಎಂದು ಬರೆದರು.

ಸಂಜೆ ಕರಾರಿನಂತೆ ಪಂಪನ್ನೂ ಮೊಟ್ಟೆಯನ್ನೂ ಒಪ್ಪಿಸಲು ಹೋದೆವು. ಅಂಗಡಿಯಣ್ಣ ನಡೆದದ್ದನ್ನೆಲ್ಲ ಕೇಳಿ, ಮೊಟ್ಟೆಯನ್ನು ಕಿವಿಯ ಬಳಿ ಹಿಡಿದು ಮೆಲ್ಲನೆ ಅಲ್ಲಾಡಿಸಿ, "ಇದನ್ನು ಕಾವಿಗೆ ಇಡಬೇಕೆಂದಿದ್ದೆ ಮಾರಾಯ, ಇನ್ನು ಇದರಲ್ಲಿ ಮರಿ ಆಗುವುದಿಲ್ಲ" ಎಂದು ಹೇಳಿ, ಪಂಪಿನ ವಾಷರ್ ಪರೀಕ್ಷಿಸತೊಡಗಿದ.