ಗಿಫ್ಟ್ ಅಂದರೆ ಬಂದೂಕು ಆಟದ ಸಾಮಾನಾಗುತ್ತಾ?

ಸಾಕಾಗಿ ಹೋಗಿದೆ ನನಗೆ. ಪುಣೆಯ ಭೋಸರಿಯಲ್ಲಿ 22 ವರ್ಷದಿಂದ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡಿದ್ದೇನೆ. ಎರಡು ಲೇತ್ (ಕಬ್ಬಿಣ ಕಡೆಯುವ ಮಷಿನ್), ಒಂದು ಡ್ರಿಲ್ಲಿಂಗ್ ಮಷಿನ್, ಇಬ್ಬರು ಹುಡುಗರು. ಕಂಪನಿಗಳಿಗೆ ಬುಷ್, ಪಿನ್, ಶಾಫ್ಟ್ ಮಾಡಿಕೊಡುತ್ತೇವೆ. ಊರಿಂದ ಯಾರೇ ಬರಲಿ, ಲೇತ್ ಕಂಡ ಕೂಡಲೇ ಒಂದೇ ಮಾತು: "ನಮಗೊಂದ ಬಂದೂಕ ಮಾಡಿಕೊಡೋ!"

ಇಷ್ಟು ದಿನ ಮಾತು ಹಾರಿಸಿ ಚಹಾ ಕುಡಿಸಿ ಕಳಿಸುತ್ತಿದ್ದೆ. ಹೋದ ಭಾನುವಾರ ತಡೆಯಲು ಆಗಲಿಲ್ಲ.

ಖಾನಾಪುರದ ಕಡೆಯಿಂದ ಭಾವ ಬಂದಿದ್ದರು. ಅವರ ತಮ್ಮನಿಗೆ ಕಾಡುಹಂದಿ ಕಾಟ. ಅದು ಸುಳ್ಳಲ್ಲ, ನಾನೇ ಕಣ್ಣಾರೆ ಕಂಡಿದ್ದೇನೆ. ಒಂದೇ ರಾತ್ರಿಯಲ್ಲಿ ಭತ್ತದ ಗದ್ದೆ ನೇಗಿಲು ಹೊಡೆದ ಹಾಗೆ ಆಗಿರುತ್ತದೆ. ಹೊಟ್ಟೆ ಉರಿಯುತ್ತದೆ. ಆದರೆ ಭಾವ ಮಾಡಿದ್ದೇನು? ನನ್ನ ಡೆಲಿವರಿ ಚಲನ್ ಬುಕ್ ತೆಗೆದು, ಹಾಳೆ ಮಗುಚಿ, ಪೆನ್ಸಿಲ್‌ನಲ್ಲಿ ಚಿತ್ರ ಬಿಡಿಸತೊಡಗಿದರು. "ಒಂದ ನಳಗಿ, ಒಂದ ಟ್ರಿಗರ್. ನಿನಗೇನ ದೊಡ್ಡ ಕೆಲಸೇನೋ? ನೀ ಏನ ಮಾರಾಕತ್ತಿಲ್ಲ. ತಮ್ಮಗ ಗಿಫ್ಟ್ ಕೊಡಾಕತ್ತೀನಿ."

ಅಷ್ಟರಲ್ಲಿ ಲೇತ್ ಸದ್ದು ನಿಂತಿತು. ತಿರುಗಿ ನೋಡಿದರೆ ನಮ್ಮ ಹುಡುಗ, ಇನ್ನೂ 19 ವರ್ಷ, ಕೈ ಒರೆಸಿಕೊಳ್ಳುತ್ತಾ ಆ ಚಿತ್ರವನ್ನೇ ಬಗ್ಗಿ ನೋಡುತ್ತಿದ್ದಾನೆ. ನನಗೆ ಮೈ ಉರಿದುಹೋಯಿತು. ಅವನ ಅಪ್ಪ ಇಂಡಿಯಿಂದ ಬಸ್ಸಿನಲ್ಲಿ ಬಂದು "ಮಗನಿಗೆ ಕೆಲಸ ಕಲಿಸ್ರಿ" ಅಂತ ನನ್ನ ಕೈಗೆ ಒಪ್ಪಿಸಿ ಹೋಗಿದ್ದಾರೆ. ಕಲಿಸಬೇಕಾದ್ದು ಇದನ್ನಾ? ಹಾಳೆ ಕಿತ್ತು ಹರಿದು ಬಿಸಾಕಿದೆ.

ದುಡ್ಡು ತಗೊಂಡರೆ ಮಾತ್ರ ತಪ್ಪು ಅಂತ ಇವರಿಗೆಲ್ಲ ಹೇಳಿಕೊಟ್ಟವರು ಯಾರು? 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕು ತಯಾರಿಸುವುದಕ್ಕೇ ಲೈಸೆನ್ಸ್ ಬೇಕು. ಮಾರಲು ಬೇಕು, ರಿಪೇರಿಗೂ ಬೇಕು, ಇನ್ನೊಬ್ಬರಿಗೆ ವರ್ಗಾಯಿಸಲೂ ಬೇಕು. ಲೈಸೆನ್ಸ್ ಇರುವ ಬಂದೂಕನ್ನೇ ಲೈಸೆನ್ಸ್ ಇರುವ ಇನ್ನೊಬ್ಬರಿಗೆ ಕೊಡಬೇಕಾದರೂ ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಪೊಲೀಸ್ ಸ್ಟೇಷನ್ನಿಗೋ ಬರೆದುಕೊಟ್ಟು 45 ದಿನ ಕಾಯಬೇಕು. ಮೇಲೆ ತಯಾರಕರ ಹೆಸರು, ನಂಬರು ಏನೂ ಇಲ್ಲದ ಬಂದೂಕನ್ನು ಮಾರುವ ಹಾಗಿಲ್ಲ, ಕೈ ಬದಲಾಯಿಸುವ ಹಾಗೂ ಇಲ್ಲ. ಲೇತ್ ಮೇಲೆ ಕದ್ದು ಮಾಡಿದ್ದಕ್ಕೆ ಯಾವ ನಂಬರು ಇರುತ್ತದೆ ಹೇಳಿ?

2019ರ ತಿದ್ದುಪಡಿ ಆದ ಮೇಲೆ ಲೈಸೆನ್ಸ್ ಇಲ್ಲದೆ ತಯಾರಿಸಿದರೆ ಕಡಿಮೆ ಅಂದರೂ 7 ವರ್ಷ ಜೈಲು, ಜೀವಾವಧಿಯವರೆಗೂ ಹೋಗಬಹುದು. ನನ್ನ ಮಗಳು ಈಗ 8ನೇ ಕ್ಲಾಸು. ನಾನು ಹೊರಗೆ ಬರುವಷ್ಟರಲ್ಲಿ ಅವಳ ಡಿಗ್ರಿ ಮುಗಿದಿರುತ್ತದೆ. ಇಲ್ಲಿನ ಮರಾಠಿ ಪೇಪರಿನಲ್ಲಿ 'ಗಾವಠಿ ಕಟ್ಟಾ' (ನಾಡ ಪಿಸ್ತೂಲು) ಹಿಡಿದ ಸುದ್ದಿ ಆಗಾಗ ಬರುತ್ತದೆ. ಅದರಲ್ಲಿ ನನ್ನ ಹೆಸರೂ ಬರಬೇಕಾ?

ಇದರ ಮೇಲೆ ಅಮೆರಿಕದ ಟೆಕ್ಸಾಸಿನಲ್ಲಿರುವ ಸೋದರಳಿಯ ಬೇರೆ. ಅಲ್ಲಿ ಮನೆಯಲ್ಲೇ ಬಂದೂಕು ಮಾಡಿಕೊಳ್ಳಬಹುದು ಅಂತ ಫ್ಯಾಮಿಲಿ ಗ್ರೂಪಿಗೆ ವಿಡಿಯೋ ಹಾಕಿದ. ಅರ್ಧ ತಿಳಿದವರ ಕಾಟ ಇದು. ಅಲ್ಲಿನ ಫೆಡರಲ್ ಕಾನೂನು ಬಿಟ್ಟಿರುವುದು ಸ್ವಂತ ಬಳಕೆಗೆ ಮಾಡಿಕೊಳ್ಳುವುದನ್ನು. ಅದೂ ಬಂದೂಕು ಇಟ್ಟುಕೊಳ್ಳುವ ಹಕ್ಕಿದ್ದವರಿಗೆ. ಮಾಡಿ ಮಾರುವ ಧಂಧೆಗೆ ಅಲ್ಲೂ ಲೈಸೆನ್ಸ್ ಬೇಕು. ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಸೀರಿಯಲ್ ನಂಬರ್ ಇಲ್ಲದೆ ನಡೆಯುವುದಿಲ್ಲ. ಅವನಿರುವುದು ವರ್ಕ್ ವೀಸಾದ ಮೇಲೆ. ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ ಆ ವೀಸಾದವರು ಬಂದೂಕು ಇಟ್ಟುಕೊಳ್ಳುವುದೇ ಅಪರಾಧ. ಇದನ್ನು ಗ್ರೂಪಿನಲ್ಲಿ ಬರೆದೆ. ಒಬ್ಬರೂ ಉತ್ತರ ಕೊಡಲಿಲ್ಲ. ಇನ್ನೊಬ್ಬರು ಕೊಡಗಿನವರಿಗೆ ಲೈಸೆನ್ಸ್ ಬೇಡವಲ್ಲ ಅಂದರು. ಅದು ಕೊಡವರಿಗೂ, ಅಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಇರುವ ವಿನಾಯಿತಿ. ನಾವೇನು ಕೊಡಗಿನವರಾ?

ದಾರಿ ಇಲ್ಲ ಅಂತಲೂ ಅಲ್ಲ. ಬೆಳೆ ಕಾಯಲು ಮದ್ದು ತುಂಬುವ ಬಂದೂಕಿಗೆ ಲೈಸೆನ್ಸ್ ಕೊಡುವ ಮಾತು ಅದೇ ಕಾಯ್ದೆಯಲ್ಲಿದೆ. ಬೆಳಗಾವಿಗೆ ಹೋಗಿ ಅರ್ಜಿ ಹಾಕಿ, ಓಡಾಟದ ಖರ್ಚು ನಾನು ಕೊಡುತ್ತೇನೆ ಅಂದೆ. ಹಂದಿ ಹೊಡೆಯಲು ಅರಣ್ಯ ಇಲಾಖೆಯ ಅನುಮತಿ ಬೇರೆ ಬೇಕು ಅಂತಲೂ ಹೇಳಿದೆ. ಭಾವನಿಗೆ ಅದು ಬೇಡ. "ಪುಣೆಕ್ಕ ಬಂದು ದೊಡ್ಡವ ಆಗೀ" ಅಂತ ಎದ್ದು ಹೋದರು. ಚಹಾ ಕಪ್ಪು ಮುಟ್ಟಲೂ ಇಲ್ಲ.

ನಿನ್ನೆ ಅಕ್ಕ ಫೋನ್ ಮಾಡಿ ಅತ್ತಳು. ನಿನ್ನ ತಮ್ಮನೇ ಇಷ್ಟು ಮಾಡಲಿಲ್ಲ ಅಂತ ಅವಳಿಗೆ ಮನೆಯಲ್ಲಿ ಮಾತು ಬರುತ್ತಿದೆಯಂತೆ. ಇವತ್ತು ಬೆಳಿಗ್ಗೆ ವಾಟ್ಸಾಪ್ ತೆಗೆದರೆ ಭಾವ ಅದೇ ಚಿತ್ರವನ್ನು ಮತ್ತೆ ಬಿಡಿಸಿ ಕಳಿಸಿದ್ದಾರೆ, ಈ ಸಲ ಅಳತೆ ಸಮೇತ. ಅಳಿಸಿ ಹಾಕಿದೆ. ವರ್ಕ್‌ಶಾಪಿಗೆ ಬಂದವನೇ ಚಲನ್ ಬುಕ್ಕನ್ನೂ ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ.